ಫುಕೆಟ್‌ನಲ್ಲಿ ಹಡಗು ನಮ್ಮನ್ನು ಬಿಟ್ಟು ಹೋಯಿತು: ಕ್ರೂಸ್‌ಗೆ ಹೊರಟಿದ್ದರೆ ಇದನ್ನು ಓದಿ

ದೀಪಾವಳಿ ಮುಗಿದ ಮೇಲೆ ನಮ್ಮ ಬಳ್ಳಾರಿ ಕಡೆಯಿಂದ ಸಿಂಗಾಪುರ ಕ್ರೂಸ್‌ಗೆ ಹೋಗುವವರು ಈಗೀಗ ಜಾಸ್ತಿ. ನಾವೂ ಹೋದೆವು. ಅಪ್ಪ, ಅಮ್ಮ, ನಾನು, ಹೆಂಡತಿ, ಮಗ. ಹಡಗಿನ ಮೇಲೆ ಎಲ್ಲ ಚೆನ್ನಾಗಿಯೇ ಇತ್ತು. ಟಿಬಿ ಡ್ಯಾಮ್‌ಗಿಂತ ದೊಡ್ಡ ನೀರು ಕಂಡಿರದ ಅಮ್ಮ ಬಾಲ್ಕನಿ ಬಿಟ್ಟು ಕದಲುತ್ತಿರಲಿಲ್ಲ. ಎಡವಿದ್ದು ನೆಲಕ್ಕೆ ಇಳಿದ ದಿನ, ಥಾಯ್ಲೆಂಡಿನ ಫುಕೆಟ್‌ನಲ್ಲಿ. ತಪ್ಪು ಮುಕ್ಕಾಲು ಪಾಲು ನನ್ನದೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಗಡಿಯಾರದ ವಿಷಯ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಥಾಯ್ಲೆಂಡ್ ಒಂದೂವರೆ ಗಂಟೆ ಮಾತ್ರ ಮುಂದೆ. ಅಂದರೆ ಇವೆರಡರ ನಡುವೆ ಸರಿಯಾಗಿ ಒಂದು ಗಂಟೆ ಅಂತರ. ನಮ್ಮ ಹಡಗು ಫುಕೆಟ್ ತಲುಪಿದರೂ ಸಿಂಗಾಪುರದ ಸಮಯವನ್ನೇ ಇಟ್ಟುಕೊಂಡಿತ್ತು. ಆದರೆ ನಿಮ್ಮ ಫೋನ್ ಹಾಗಲ್ಲ. ದಡ ಮುಟ್ಟಿ ಅಲ್ಲಿನ ಸಿಗ್ನಲ್ ಸಿಕ್ಕ ತಕ್ಷಣ ತಾನಾಗಿಯೇ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಟಿಣ್ ಅನ್ನುವುದಿಲ್ಲ, ಏನೂ ಹೇಳುವುದಿಲ್ಲ.

ಪಟಾಂಗ್ ಬೀಚಿನ ಹತ್ತಿರ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ದೂರ ನೀರಲ್ಲೇ ಲಂಗರು ಹಾಕುತ್ತದೆ. ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ, ಸಂಜೆ ಹಾಗೆಯೇ ವಾಪಸ್ ಕರೆದೊಯ್ಯುತ್ತಾರೆ. ಇದಕ್ಕೆ ಟೆಂಡರ್ ಅನ್ನುತ್ತಾರೆ. (ನಮಗೆ ಟೆಂಡರ್ ಅಂದರೆ ರಸ್ತೆ ಗುತ್ತಿಗೆ, ಅಲ್ವಾ!) ಆ ದಿನ ಕೊನೆಯ ಟೆಂಡರ್ ಹಡಗಿನ ಸಮಯ ನಾಲ್ಕೂವರೆಗೆ. ನನ್ನ ತಲೆಯಲ್ಲಿ ಉಳಿದದ್ದು ನಾಲ್ಕೂವರೆ ಒಂದೇ. ಯಾರ ನಾಲ್ಕೂವರೆ ಎಂದು ಯೋಚಿಸಲೇ ಇಲ್ಲ.

ಹಡಗಿನವರ ಟೂರ್ ದುಬಾರಿ ಎಂದು ಬಿಟ್ಟಿದ್ದೆವು. ದಡದಲ್ಲಿ ಕೆಂಪು ಟುಕ್‌ಟುಕ್‌ನವನೊಬ್ಬ ಸಿಕ್ಕ. ನಮ್ಮ ಆಟೋ ಥರ ಅಲ್ಲ, ನಾಲ್ಕು ಚಕ್ರದ ಪುಟ್ಟ ವ್ಯಾನು. ವಾಟ್ ಚಾಲೋಂಗ್ ದೇವಸ್ಥಾನ, ಹಳೇ ಪೇಟೆ ಎಲ್ಲ ತೋರಿಸಿ ವಾಪಸ್ ಬಿಡಲು 500 ಬಾತ್ ಅಂದ. ಆಗಿನ ನಮ್ಮ ಲೆಕ್ಕದಲ್ಲಿ ಸಾವಿರದ ಇನ್ನೂರು, ಮುನ್ನೂರು ರೂಪಾಯಿ. ಅಲ್ಲಿ ಒಂದು ಕಡೆಗೆ ಹೋಗಲಿಕ್ಕೇ ಅಷ್ಟು ಕೇಳುತ್ತಾರೆ. ಅಷ್ಟು ಅಗ್ಗಕ್ಕೆ ಯಾಕೆ ಬಂದ ಎಂದು ಆಗಲೇ ಅನುಮಾನ ಬರಬೇಕಿತ್ತು. ಚೌಕಾಸಿ ಮಾಡದೆ ಒಪ್ಪಿಕೊಂಡೆ ಎಂದು ಹೆಂಡತಿ ನನ್ನನ್ನೇ ಬೈದಳು.

ದೇವಸ್ಥಾನದಲ್ಲಿ ಇಪ್ಪತ್ತು ನಿಮಿಷ. ಆಮೇಲೆ ಶುರುವಾಯಿತು ಅಂಗಡಿ. ಮೊದಲು ಹರಳಿನ ಅಂಗಡಿ, ಆಮೇಲೆ ಗೋಡಂಬಿ ಅಂಗಡಿ, ಆಮೇಲೆ ಬಟ್ಟೆ ಅಂಗಡಿ. "ಟೆನ್ ಮಿನಿಟ್, ನೋ ಬೈ, ಓನ್ಲಿ ಲುಕ್" ಎಂದು ಕೈಮುಗಿಯುತ್ತಾನೆ. ನಾವು ಒಳಗೆ ಹೋಗಿ ಸ್ವಲ್ಪ ಹೊತ್ತು ನಿಂತರೆ ಅವನಿಗೆ ಅಂಗಡಿಯವರು ಕಮಿಷನ್ನೋ ಪೆಟ್ರೋಲ್ ಕೂಪನ್ನೋ ಕೊಡುತ್ತಾರೆ. 500 ಬಾತ್‌ನ ಗುಟ್ಟು ಅದು.

ಬಟ್ಟೆ ಅಂಗಡಿಯದು ಮಾತ್ರ ಹೇಳಲೇಬೇಕು. ನಾನು ಇಪ್ಪತ್ತು ವರ್ಷದಿಂದ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವನು. ನನಗೆ ಅಂಗಡಿಯವನು ಸೂಟ್ ತೋರಿಸಲು ಬಂದ! ನೂರಕ್ಕೆ ನೂರು ಉಣ್ಣೆ ಅಂದ. ಅಂಚು ಹಿಡಿದು ಬೆರಳಲ್ಲಿ ಉಜ್ಜಿದೆ, ಪಾಲಿಯೆಸ್ಟರ್ ಜಾರಿತು. ಒಂದು ನೂಲು ಎಳೆದು ಸುಟ್ಟರೆ ಮುಗಿಯಿತು, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಆದರೆ ಕರಗಿ ಗಂಟು ಕಟ್ಟುತ್ತದೆ. ಕಾಲರ್ ತಿರುಗಿಸಿ ನೋಡಿದೆ, ಗಟ್ಟಿಯಾಗಿರಲಿ ಎಂದು ಒಳಗೆ ಹಾಕುವ ಬಕ್ರಂ ಬಟ್ಟೆ ಹೊಲಿದಿರಲಿಲ್ಲ, ಸುಮ್ನೆ ಅಂಟಿಸಿದ್ದರು. ಇದನ್ನೆಲ್ಲ ಅವನಿಗೆ ವಿವರಿಸುತ್ತಾ ನಿಂತೆ. ನನ್ನ ಜಾಣತನ ತೋರಿಸುವುದರಲ್ಲಿ ಅರ್ಧ ಗಂಟೆ ಹೋಯಿತು.

ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ ಅಪ್ಪ ಮಣಿಕಟ್ಟು ಎತ್ತಿ ನೋಡಿಕೊಂಡರು. ಅವರದು ಕೀ ಕೊಡುವ ಎಚ್‌ಎಂಟಿ ವಾಚು. ಹಡಗು ಹತ್ತಿದ ದಿನ ಕ್ಯಾಬಿನ್ ಹುಡುಗನನ್ನು ಕೇಳಿ ಸಮಯ ಸರಿ ಮಾಡಿಕೊಂಡಿದ್ದರು.

"ಮೂರೂ ಕಾಲು ಆತಲ್ಲೋ. ಹೊಂಡಾನ ನಡಿ."

ನಾನು ಫೋನ್ ತೆಗೆದು ತೋರಿಸಿದೆ. 2:15. "ನಿಮ್ಮ ವಾಚು ಕೆಟ್ಟೈತಿ ಅಪ್ಪಾ, ಸೆಲ್ಫಿ ತಗಳಾಕ ಹಳೇ ಪೇಟಿ ನೋಡದು ಬ್ಯಾಡೇನು" ಅಂದೆ. ಅವರು ವಾಚನ್ನು ಕಿವಿಗೆ ಹಿಡಿದು ಕೇಳಿಸಿಕೊಂಡರು. ಮತ್ತೇನೂ ಹೇಳಲಿಲ್ಲ.

ಹಳೇ ಪೇಟೆಯ ಬಣ್ಣಬಣ್ಣದ ಮನೆಗಳ ಮುಂದೆ ಫೋಟೋ ತೆಗೆಸಿಕೊಂಡು, ಗುಡ್ಡ ದಾಟಿ ಪಟಾಂಗ್‌ಗೆ ಬಂದಾಗ ಫೋನಿನಲ್ಲಿ 3:50. ಇನ್ನೂ ನಲವತ್ತು ನಿಮಿಷ ಇದೆ ಎಂದು ಎಳನೀರು ಕುಡಿದೆವು. ಟೆಂಡರ್ ಹತ್ತುವ ಜಾಗಕ್ಕೆ ಹೋದರೆ ಹಡಗಿನವರು ಹಾಕಿದ್ದ ಡೇರೆಯೇ ಇಲ್ಲ. ಮರಳಲ್ಲಿ ನಾಲ್ಕು ಗೂಟದ ಗುರುತು ಇತ್ತು. ಹಡಗು ಕಣ್ಣೆದುರಿಗೇ ಇತ್ತು, ನೋಡನೋಡುತ್ತಾ ತಿರುಗಿತು. ಮಗ ಟವೆಲ್ ಬೀಸಿದ. ಮೂರು ಸಾವಿರ ಜನರ ಹಡಗು ಟವೆಲ್ ನೋಡಿ ನಿಲ್ಲುತ್ತದೆಯೇ?

ಇನ್ನೊಂದು ಆಮೇಲೆ ಗೊತ್ತಾಯಿತು. ಹಡಗಿನವರೇ ಮಾಡಿದ ಟೂರ್ ಬಸ್ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಸ್ವಂತ ಹೋದವರಿಗೆ ಕಾಯುವುದಿಲ್ಲ. ಆ ದುಬಾರಿ ಟಿಕೆಟ್‌ನಲ್ಲಿ ಅರ್ಧ ದುಡ್ಡು ಇದಕ್ಕೇ ಇರಬೇಕು.

ಪಾಸ್‌ಪೋರ್ಟ್ ಹಡಗಿನವರ ಹತ್ತಿರವಿತ್ತು. ಪುಣ್ಯಕ್ಕೆ ಅವನ್ನು ಅಲ್ಲಿನ ಬಂದರು ಏಜೆಂಟ್ ಕೈಗೆ ಕೊಟ್ಟು ಹೋಗಿದ್ದರು. ಅವರನ್ನು ಹುಡುಕುವುದರಲ್ಲಿ ಕತ್ತಲಾಯಿತು. ಥಾಯ್ಲೆಂಡಿನ ಪ್ರವಾಸಿ ಪೊಲೀಸರ ನಂಬರ್ 1155, ಅದನ್ನು ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ. ಇಂಗ್ಲಿಷ್ ಮಾತಾಡುತ್ತಾರೆ, ನಮಗೆ ಆ ರಾತ್ರಿ ಸಹಾಯವಾದದ್ದು ಅವರೇ. ಅಮ್ಮನ ಬಿಪಿ ಮಾತ್ರೆ ಕ್ಯಾಬಿನ್ನಿನಲ್ಲೇ ಉಳಿದಿತ್ತು. ಔಷಧಿ ಅಂಗಡಿಯಲ್ಲಿ ಹೆಸರು ಹೇಳಲು ಬರದೆ, ಮನೆಯಲ್ಲಿದ್ದ ತಂಗಿಯಿಂದ ಚೀಟಿಯ ಫೋಟೋ ತರಿಸಿಕೊಂಡೆ. ಇಳಿಯುವಾಗ ಒಂದು ದಿನದ ಮಾತ್ರೆ, ಪಾಸ್‌ಪೋರ್ಟ್ ಜೆರಾಕ್ಸ್, ಒಂದು ಬ್ಯಾಂಕ್ ಕಾರ್ಡು ಚೀಲದಲ್ಲಿರಲಿ.

ಮರುದಿನ ಸಿಂಗಾಪುರಕ್ಕೆ ವಿಮಾನ. ಐದು ಜನಕ್ಕೆ ಎಪ್ಪತ್ತು ಸಾವಿರದ ಹತ್ತಿರ, ಹೋಟೆಲ್ ಬೇರೆ. ಸಿಂಗಾಪುರದ ವೀಸಾ ಮಲ್ಟಿಪಲ್ ಎಂಟ್ರಿ, ಅಂದರೆ ಒಂದಕ್ಕಿಂತ ಹೆಚ್ಚು ಸಲ ಒಳಗೆ ಹೋಗಬಹುದಾದದ್ದು, ಇದ್ದದ್ದಕ್ಕೆ ಒಳಗೆ ಬಿಟ್ಟರು. ಸಿಂಗಲ್ ಆಗಿದ್ದರೆ ಏನು ಗತಿಯೋ, ನೀವು ಹೊರಡುವ ಮುಂಚೆ ಅದನ್ನೂ ನೋಡಿಕೊಳ್ಳಿ. ವಿಮೆಯವರು, ತಡವಾಗಿದ್ದು ನಿಮ್ಮ ತಪ್ಪಿಂದ, ಕೊಡಲ್ಲ ಅಂದರು. ನಮ್ಮೂರಿನ ಏಜೆಂಟ್‌ಗೆ ಕೇಳಿದರೆ, "ಕಾಗದದಾಗ ಬರದಿರತೈತಿ ಅಣ್ಣಾ" ಎಂದ.

ಹಡಗು ಸಿಂಗಾಪುರಕ್ಕೆ ಬಂದ ದಿನ ಲಗೇಜ್ ಸಿಕ್ಕಿತು. ಊರಿಗೆ ಬಂದು ಬಿಚ್ಚಿದಾಗ ಶೇಂಗಾ ಚಟ್ನಿಪುಡಿ ಡಬ್ಬಿಗೆ ಎಣ್ಣೆ ಸೋರದಿರಲಿ ಎಂದು ಅಮ್ಮ ಸುತ್ತಿದ್ದ ಕಾಗದ ಕಂಡಿತು. ಫುಕೆಟ್‌ನ ಹಿಂದಿನ ರಾತ್ರಿ ಕ್ಯಾಬಿನ್ನಿಗೆ ಹಾಕಿಹೋದ ಹಾಳೆ. ಮೇಲ್ಗಡೆಯೇ, ಚೌಕದೊಳಗೆ, ದಪ್ಪ ಅಕ್ಷರದಲ್ಲಿ ಇತ್ತು: ನಾಳೆ ಗಡಿಯಾರ ಬದಲಿಸಬೇಡಿ. ಅಪ್ಪ ಅದನ್ನು ಮಡಚಿ ಜೇಬಿಗೆ ಇಟ್ಟುಕೊಂಡು ವಾಚಿಗೆ ಕೀ ಕೊಡುತ್ತಾ ಕೂತರು.