ಝಡ್14ರ ಹಾರ್ಡ್‌ವೇರ್ ಎನ್‌ಕ್ರಿಪ್ಷನ್: ನಾಲ್ಕು ವರ್ಷ ಬಳಸಿದ ಮೇಲೆ

ನಾಲ್ಕು ವರ್ಷದಿಂದ ಐಬಿಎಂ ಝಡ್14 ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ಕಂಪ್ಯೂಟರ್) ಮೇಲೆ ಡೇಟಾ ಸೆಟ್ (ಅಲ್ಲಿ ಫೈಲಿಗೆ ಹೇಳುವ ಹೆಸರು) ಎನ್‌ಕ್ರಿಪ್ಷನ್ ಓಡಿಸುತ್ತಿದ್ದೇವೆ. ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿದರೆ ರಾತ್ರಿ ಓಡುವ ಬ್ಯಾಚ್ ಜಾಬ್‌ಗಳ ಕೆಲಸ ಬೆಳಗಿನೊಳಗೆ ಮುಗಿಯಲ್ಲ ಅಂತ ಮೊದಲು ತುಂಬಾ ಹೆದರಿದ್ದೆವು. ಹಾಗೇನೂ ಆಗಲಿಲ್ಲ. ಪ್ರತಿ ಕೋರ್‌ನಲ್ಲೇ ಸಿಪಿಎಸಿಎಫ್ ಅನ್ನೋ ಎನ್‌ಕ್ರಿಪ್ಷನ್ ಘಟಕ ಇದೆ, ಎಇಎಸ್ (ಎನ್‌ಕ್ರಿಪ್ಟ್ ಮಾಡುವ ಒಂದು ವಿಧಾನ) ಕೆಲಸ ಅಲ್ಲೇ ಮುಗಿಯುತ್ತದೆ, ಡೇಟಾ ಹೊರಗೆ ಹೋಗಿ ಬರಬೇಕಾಗಿಲ್ಲ.

ನಮಗೆ ಪೆಟ್ಟು ಬಿದ್ದದ್ದು ನಮ್ಮದೇ ಒಂದು ಹಳೇ ಪ್ರೋಗ್ರಾಂನಿಂದ. ಒಂದು ರಾತ್ರಿ ಒಂದು ಜಾಬ್ ಮುಗಿಯಲೇ ಇಲ್ಲ. ಸಿಪಿಯು ಟೈಮ್ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು, ಎಲಾಪ್ಸ್ಡ್ ಟೈಮ್ ಮಾತ್ರ ಏರುತ್ತಲೇ ಇತ್ತು. ನೋಡಿದರೆ ಆ ಪ್ರೋಗ್ರಾಂ ಪ್ರತಿ ರೆಕಾರ್ಡಿಗೂ ಸೆಕ್ಯೂರ್ ಕೀ (ಕಾರ್ಡಿನ ಒಳಗೆ ಮಾತ್ರ ಬಿಚ್ಚಿಕೊಳ್ಳುವ ಕೀ) ಹಿಡಿದು ಕ್ರಿಪ್ಟೊ ಎಕ್ಸ್‌ಪ್ರೆಸ್ ಅನ್ನೋ ಪ್ರತ್ಯೇಕ ಎನ್‌ಕ್ರಿಪ್ಷನ್ ಕಾರ್ಡಿಗೆ ಹೋಗುತ್ತಿತ್ತು, ಅದೂ ಒಂದು ಚಿಕ್ಕ ಫೀಲ್ಡ್ ಎನ್‌ಕ್ರಿಪ್ಟ್ ಮಾಡೋಕೆ! ಕೀಯನ್ನು ಭದ್ರವಾಗಿ ಇಡೋಕೆ, ಪಿನ್ ಕೆಲಸಕ್ಕೆ ಆ ಕಾರ್ಡು ಬೇಕೇ ಬೇಕು. ಆದರೆ ಲಕ್ಷಗಟ್ಟಲೆ ರೆಕಾರ್ಡಿಗೆ ಒಂದೊಂದು ಸಲ ಅಲ್ಲಿಗೆ ಹೋಗಿ ಬಂದರೆ ಕಾಯೋದೇ ಜಾಸ್ತಿ. ಯಾರಿಗೆ ಏನು ಅನುಮತಿ ಅಂತ ನೋಡಿಕೊಳ್ಳುವ ರಾಕ್‌ಎಫ್ ಸಾಫ್ಟ್‌ವೇರ್‌ನಲ್ಲಿ ಆ ಕೀಗೆ ಸಿಪಿಎಸಿಎಫ್ ರ‍್ಯಾಪ್ ಅನುಮತಿ (ಕೀಯನ್ನು ಮುಚ್ಚಿ ಚಿಪ್‌ಗೆ ಕೊಡೋಕೆ ಒಪ್ಪಿಗೆ) ಕೊಟ್ಟು, ಪ್ರೋಗ್ರಾಂನ ಕಾಲ್ ಬದಲಿಸಿ ಪ್ರೊಟೆಕ್ಟೆಡ್ ಕೀಗೆ ತಂದೆವು. ಕೀ ಈಗಲೂ ಮೆಮೊರಿಯಲ್ಲಿ ಬಯಲಾಗಿ ಕಾಣಲ್ಲ, ಕೆಲಸ ಮಾತ್ರ ಚಿಪ್‌ನಲ್ಲೇ ನಡೆಯುತ್ತದೆ. ಮರುದಿನದಿಂದ ಆ ಜಾಬ್ ಬಗ್ಗೆ ಒಂದು ಫೋನ್ ಕಾಲ್ ಕೂಡ ಬಂದಿಲ್ಲ.

ಬ್ಲಾಕ್ ಸೈಜ್ (ಒಂದು ಸಲಕ್ಕೆ ಓದಿ ಬರೆಯುವ ಡೇಟಾ ತುಂಡಿನ ಗಾತ್ರ) ಕಡೆಗೂ ದಯವಿಟ್ಟು ಗಮನ ಕೊಡಿ. ಚಿಕ್ಕ ಬ್ಲಾಕ್ ಆದರೆ ಪ್ರತಿ ಸಲದ ತಯಾರಿಯಲ್ಲೇ ಸಮಯ ಹೋಗುತ್ತದೆ. ಯಾವತ್ತೋ ಯಾರೋ ಜೆಸಿಎಲ್‌ನಲ್ಲಿ (ಜಾಬ್ ಓಡಿಸೋಕೆ ಬರೆಯುವ ಸೂಚನೆಗಳಲ್ಲಿ) ಕೈಯಾರೆ ಬರೆದಿಟ್ಟ ಸಂಖ್ಯೆಗಳನ್ನು ತೆಗೆದು ಸಿಸ್ಟಮ್‌ಗೇ ಬಿಟ್ಟೆವು, ಸಿಪಿಯು ಖರ್ಚು ಇಳಿಯಿತು.

ಇನ್ನೊಂದು ವಿಷಯ ನಾವು ತಡವಾಗಿ ಕಲಿತೆವು. ಎನ್‌ಕ್ರಿಪ್ಟ್ ಆದ ಡೇಟಾ ಆಮೇಲೆ ಕುಗ್ಗಲ್ಲ. ಕಂಪ್ರೆಷನ್ ಮೊದಲೇ ಆಗಬೇಕು, ಆಗ ಎನ್‌ಕ್ರಿಪ್ಟ್ ಮಾಡಬೇಕಾದ ಬೈಟ್‌ಗಳೂ ಕಡಿಮೆಯಾಗುತ್ತವೆ. ಝಡ್14ರಲ್ಲಿ ಝಡ್‌ಇಡಿಸಿಗೆ (ಹಾರ್ಡ್‌ವೇರ್‌ನಲ್ಲೇ ಆಗುವ ಕಂಪ್ರೆಷನ್) ಬೇರೆ ಕಾರ್ಡ್ ಹಾಕಿಸಬೇಕು, ಝಡ್15ರಲ್ಲಿ ಅದು ಚಿಪ್‌ಗೇ ಬಂದಿದೆ. ಹೊಸದಾಗಿ ಮೆಷಿನ್ ತೆಗೆದುಕೊಳ್ಳುವವರು ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ನನಗೆ ತುಂಬಾ ಇಷ್ಟವಾದದ್ದು, ಸ್ಟೋರೇಜ್ ನೋಡಿಕೊಳ್ಳುವವರು ಕೀ ಇಲ್ಲದೇ ಡೇಟಾ ಸೆಟ್ ಸಾಗಿಸಬಹುದು, ಬ್ಯಾಕಪ್ ತೆಗೆಯಬಹುದು, ಒಳಗಿರೋದನ್ನು ಓದೋಕೆ ಮಾತ್ರ ಆಗಲ್ಲ. ಬೇಜಾರಿನ ಕೆಲಸ ಅಂದ್ರೆ ಹಳೇ ಡೇಟಾ ಸೆಟ್‌ಗಳು. ಕೀ ಲೇಬಲ್ (ಯಾವ ಕೀ ಬಳಸಬೇಕು ಅಂತ ಹೇಳುವ ಹೆಸರು) ಕೊಟ್ಟ ಮಾತ್ರಕ್ಕೆ ಅವು ಎನ್‌ಕ್ರಿಪ್ಟ್ ಆಗಲ್ಲ, ಹೊಸದಾಗಿ ಅಲೊಕೇಟ್ ಮಾಡಿ ನಕಲು ಮಾಡಬೇಕು. ನಮ್ಮಲ್ಲಿ ಅದು ಇನ್ನೂ ಮುಗಿದಿಲ್ಲ, ಪ್ರತಿ ವಾರಾಂತ್ಯ ಒಂದಿಷ್ಟು ಮಾಡುತ್ತಿದ್ದೇವೆ.