ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ತಗೊಳ್ತೀರಾ? ಮೊದ್ಲು ಪಂಪ್ ಯಾವ್ದು ಕೇಳಿ
ಅಮೆರಿಕದಲ್ಲಿ ಹಳೇ ಡೀಸೆಲ್ ಪಿಕಪ್ ಹುಡುಕ್ತಿರೋರು ಬಣ್ಣ, ಸೀಟು ಎಲ್ಲಾ ಆಮೇಲೆ ನೋಡಿ. 2011ರಿಂದ 2016ರ ಜಿಎಂ ಕಂಪನಿಯ ಡೀಸೆಲ್ ಎಂಜಿನ್ ಆದ ಡ್ಯುರಾಮ್ಯಾಕ್ಸ್‌ನಲ್ಲಿ ಇರೋದು ಬಾಷ್ ಸಿಪಿ4 ಪಂಪ್ (ಎಂಜಿನ್ನಿಗೆ ಡೀಸೆಲ್ನ ಜೋರು ಒತ್ತಡದಲ್ಲಿ ಕಳಿಸೋ ಪಂಪು), ಇದ್ರೊಳಗೆ ಕ್ಯಾಮ್ (ತಿರುಗೋ ಉಬ್ಬು ತುಂಡು) ಮೇಲೆ ಉರುಳೋ ರೋಲರ್ ಒಂಚೂರು ಅಡ್ಡ ತಿರುಗಿದ್ರೂ ಲೋಹದ ಪುಡಿ ಎದ್ದು ಡೀಸೆಲ್ ಸಿಂಪಡಿಸೋ ಇಂಜೆಕ್ಟರ್ ತನಕ ಹೋಗತ್ತೆ, ಆಮೇಲೆ ಪಂಪ್ ಒಂದೇ ಅಲ್ಲ ಪೂರ್ತಿ ಫ್ಯೂಯೆಲ್ ಸಿಸ್ಟಮ್ಮೇ ಬದಲಾಯಿಸ್ಬೇಕು. ಪರಿಚಯದವರ ಗಾಡೀಲಿ ಮೆಕ್ಯಾನಿಕ್ ಪಂಪಿನ ವಾಲ್ವ್ ಬಿಚ್ಚಿ ಬಟ್ಟೆ ಮೇಲೆ ಇಟ್ಟಾಗ ಬೆಳ್ಳಿ ಪುಡಿ ಥರ ಮಿನುಗ್ತಿತ್ತು, ನೋಡಿ ಹೊಟ್ಟೆ ಉರೀತು.

2017ರ ಡ್ಯುರಾಮ್ಯಾಕ್ಸ್‌ನಿಂದ ಡೆನ್ಸೋ ಎಚ್‌ಪಿ4 ಬಂತು, ನನ್ನ ಓಟು ಇದಕ್ಕೇ. ಫೋರ್ಡ್ 6.7 ಪವರ್ ಸ್ಟ್ರೋಕ್‌ನಲ್ಲೂ ಸಿಪಿ4.

ರಾಮ್ ಪಿಕಪ್ಪಿನ ಕಮಿನ್ಸ್ ಡೀಸೆಲ್ ಎಂಜಿನ್ನಲ್ಲಿ 2018ರವರೆಗೂ ಸಿಪಿ3, ಗಟ್ಟಿ ಪಂಪು. 2019-20ರಲ್ಲಿ ಸಿಪಿ4 ಹಾಕಿದ್ರು, 2021ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಾಡಿ ರೀಕಾಲ್ ಮಾಡಿದ್ರು, ಹಾಗಾಗಿ 2019-20ರ ಗಾಡಿಯಾದ್ರೆ ರೀಕಾಲ್ ಕೆಲಸ ಆಗಿದ್ಯಾ ಅಂತ ವಿಐಎನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ನೋಡ್ಲೇಬೇಕು.

ಎಂಜಿನ್ ವಾರಂಟಿ ಮೂರಕ್ಕೂ 5 ವರ್ಷ ಅಥವಾ 1 ಲಕ್ಷ ಮೈಲಿ, ಆದ್ರೆ ಡೀಸೆಲ್‌ನಲ್ಲಿ ನೀರು ಸಿಕ್ತು ಅಂದ್ರೆ ಕ್ಲೇಮ್ ಕೈಬಿಟ್ಟ ಹಾಗೇನೇ, ಅದಕ್ಕೇ ಬಂಕಿನ ರಸೀದಿ, ಫಿಲ್ಟರ್ ಬಿಲ್ ಒಂದೂ ಬಿಸಾಕ್ಬೇಡಿ.