ಗ್ರ್ಯಾಂಡ್ ಕ್ಯಾನಿಯನ್ ಬಸ್ ಪ್ರವಾಸಕ್ಕೆ ಹಣ ಕಟ್ಟುವ ಮುನ್ನ ಇದನ್ನು ಓದಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬಂದಿರುವ ಹಿರಿಯರೇ, ಅವರನ್ನು ಬಸ್ ಪ್ರವಾಸಕ್ಕೆ ಕಳುಹಿಸಲು ಹೊರಟಿರುವ ಮಕ್ಕಳೇ, ಹಣ ಕಟ್ಟುವ ಮೊದಲು ಪ್ರವಾಸ ಸಂಸ್ಥೆಯಿಂದ ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ. ನೀವು ತೋರಿಸುವ ಗ್ರ್ಯಾಂಡ್ ಕ್ಯಾನಿಯನ್ ಯಾವ ಅಂಚಿನದು? ಅಲ್ಲಿ ಬಸ್ಸು ಎಷ್ಟು ಗಂಟೆ ನಿಲ್ಲುತ್ತದೆ? ಈ ಎರಡಕ್ಕೂ ನೇರ ಉತ್ತರ ಬರದಿದ್ದರೆ ಆ ಸಂಸ್ಥೆಯನ್ನು ಬಿಟ್ಟುಬಿಡಿ. ನಮ್ಮ ಮದುವೆಯ ನಲವತ್ತನೆಯ ವರ್ಷಕ್ಕೆಂದು ಮಗಳು ಅಳಿಯ ಪ್ರೀತಿಯಿಂದ ಕೊಡಿಸಿದ ಪ್ರವಾಸ ಹೇಗೆ ಹಾಳಾಯಿತು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇನೆ. ಇನ್ನೊಂದು ದಂಪತಿಗೆ ಹೀಗಾಗಬಾರದು.

ಮೊದಲು ಅಂಚಿನ ವಿಷಯ. ಗ್ರ್ಯಾಂಡ್ ಕ್ಯಾನಿಯನ್ ಒಂದೇ ಜಾಗವಲ್ಲ. ಕೊಲೊರಾಡೊ ನದಿ ಕೊರೆದ ಆ ಕಣಿವೆಯ ಉದ್ದ ಸುಮಾರು 446 ಕಿಲೋಮೀಟರ್. 1919ರಲ್ಲಿ ರಾಷ್ಟ್ರೀಯ ಉದ್ಯಾನವಾದ ಭಾಗದಲ್ಲಿ ಹೆಚ್ಚಿನ ಜನ ಹೋಗುವುದು ಸೌತ್ ರಿಮ್ ಎನ್ನುವ ದಕ್ಷಿಣ ಅಂಚಿಗೆ. ಮೇದರ್ ಪಾಯಿಂಟ್, ಹೋಪಿ ಪಾಯಿಂಟ್, ಡೆಸರ್ಟ್ ವ್ಯೂ ಎಂಬ ನಿಂತು ನೋಡುವ ಜಾಗಗಳು, ನಾವು ಚಿತ್ರಗಳಲ್ಲಿ ನೋಡಿರುವ ಆ ಕೆಂಪು ಪದರಗಳ ಆಳ, ಎಲ್ಲವೂ ಅಲ್ಲಿಯವು. ಲಾಸ್ ವೇಗಸ್‌ನಿಂದ ಅದು ಸುಮಾರು 450 ಕಿಲೋಮೀಟರ್ ದೂರ, ನಾಲ್ಕೂವರೆ ಗಂಟೆಯ ದಾರಿ. ಇನ್ನೊಂದು ಗ್ರ್ಯಾಂಡ್ ಕ್ಯಾನಿಯನ್ ವೆಸ್ಟ್. ಅದು ರಾಷ್ಟ್ರೀಯ ಉದ್ಯಾನದ ಹೊರಗೆ ವಾಲಪೈ ಎಂಬ ಮೂಲನಿವಾಸಿ ಸಮುದಾಯದ ನೆಲ. ಲಾಸ್ ವೇಗಸ್‌ನಿಂದ ಸುಮಾರು 200 ಕಿಲೋಮೀಟರ್. 2007ರಲ್ಲಿ ತೆರೆದ ಗಾಜಿನ ಸೇತುವೆ ಸ್ಕೈವಾಕ್ ಇರುವುದು ಇಲ್ಲಿ. ರಾಷ್ಟ್ರೀಯ ಉದ್ಯಾನದ ಪಾಸು ಇಲ್ಲಿ ನಡೆಯುವುದಿಲ್ಲ, ಪ್ರವೇಶ ಶುಲ್ಕ ಬೇರೆ, ಸ್ಕೈವಾಕ್‌ಗೆ ಹೆಚ್ಚಿನ ಹಣ ಬೇರೆ. ವೆಸ್ಟ್ ಕೀಳು ಎಂದು ನಾನು ಹೇಳುತ್ತಿಲ್ಲ. ಅದು ಅವರ ನೆಲ, ಅವರ ಜೀವನೋಪಾಯ, ಗೌರವದಿಂದ ಹೋಗಿ ನೋಡಬೇಕಾದ ಸ್ಥಳ. ಆದರೆ ಒಂದರ ಚಿತ್ರ ತೋರಿಸಿ ಇನ್ನೊಂದಕ್ಕೆ ಕರೆದೊಯ್ಯುವುದು ಮೋಸ.

ನಮಗೆ ಆದದ್ದು ಅದೇ. ಜಾಹೀರಾತಿನಲ್ಲಿದ್ದದ್ದು ಮೇದರ್ ಪಾಯಿಂಟಿನ ಚಿತ್ರ, ಅದರ ಕೆಳಗೆ ಬರೀ 'ಗ್ರ್ಯಾಂಡ್ ಕ್ಯಾನಿಯನ್' ಎಂಬ ಹೆಸರು. ಸೂರ್ಯಾಸ್ತದ ಹೊತ್ತಿಗೆ ದಕ್ಷಿಣ ಅಂಚಿನಲ್ಲಿ ಕುಳಿತಿರಬೇಕು ಎಂಬುದು ನಮ್ಮ ಯಜಮಾನರ ಬಹಳ ವರ್ಷಗಳ ಆಸೆ. ಬಸ್ಸಿನಲ್ಲಿ ಕುಳಿತ ಮೇಲೆ, ವಾರ್ಷಿಕೋತ್ಸವದ ದಿನವೇ, ಮಾರ್ಗದರ್ಶಿ ಮೈಕಿನಲ್ಲಿ 'ಇವತ್ತು ವೆಸ್ಟ್‌ಗೆ ಹೋಗುತ್ತೇವೆ' ಎಂದಾಗ ಅವರು ಎದ್ದು ನಿಂತು ಕೇಳಿದರು. 'ದಕ್ಷಿಣ ಅಂಚಿಗೆ ಬೇರೆ ಪ್ಯಾಕೇಜು, ನೀವು ಅದನ್ನು ಕೊಂಡಿಲ್ಲ' ಎಂಬ ಉತ್ತರ ಬಂತು. ನಮಗೆ ಕೊಟ್ಟ ಕಾಗದದಲ್ಲಿ ಎರಡು ಪ್ಯಾಕೇಜುಗಳ ಮಾತೇ ಇರಲಿಲ್ಲ. ನಲವತ್ತು ವರ್ಷದಲ್ಲಿ ಅವರು ಅಪರಿಚಿತರ ಎದುರು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಅಂದೂ ಎತ್ತಲಿಲ್ಲ, ಸುಮ್ಮನೆ ಕುಳಿತರು. ನನಗೆ ಸಂಕಟವಾದದ್ದು ಅದಕ್ಕೇ.

ಇನ್ನು ಹಣ. ಮಗಳು ಕಾರ್ಡಿನಲ್ಲಿ ಪೂರ್ತಿ ಹಣ ಕಟ್ಟಿದ್ದಳು. ಆದರೂ ಬಸ್ಸು ಲಾಸ್ ಏಂಜಲೀಸ್ ಊರು ದಾಟುವ ಮೊದಲೇ ಎರಡು ಹಳದಿ ಕಾಗದಗಳು ಕೈಗೆ ಬಂದವು. ಒಂದರಲ್ಲಿ 'ಕಡ್ಡಾಯ ಪ್ರವೇಶ ಶುಲ್ಕ'. ಇನ್ನೊಂದರಲ್ಲಿ ತಲೆಗೆ, ದಿನಕ್ಕೆ ಇಷ್ಟು ಎಂದು ಚಾಲಕ ಮತ್ತು ಮಾರ್ಗದರ್ಶಿಯ ಸೇವಾ ಶುಲ್ಕ. ಎರಡೂ ನಗದಿನಲ್ಲೇ ಕೊಡಬೇಕು. ಪ್ರವೇಶ ಶುಲ್ಕವೆಂದು ಕೇಳಿದ ಮೊತ್ತ ಆಯಾ ಸ್ಥಳದ ಕಿಟಕಿಯಲ್ಲಿ ಬರೆದಿದ್ದ ದರಕ್ಕಿಂತ ಹೆಚ್ಚಿತ್ತು. ನಾನು ಹೋಲಿಸಿ ನೋಡಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ರಸೀದಿ ಕೇಳಿದರೆ 'ಗುಂಪಿಗೆ ರಸೀದಿ ಇಲ್ಲ' ಎಂದರು. ಹಣ ಕೊಡದವರ ಹೆಸರನ್ನು ಮೈಕಿನಲ್ಲಿ ಓದಿದರು. ನಮ್ಮ ಹೆಸರನ್ನೂ ಓದಿದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ವಿಧವೆ ಹೆಂಗಸು ಕೈಚೀಲದ ತಳದಿಂದ ನೋಟುಗಳನ್ನು ಬಿಡಿಸಿ ಬಿಡಿಸಿ ಎಣಿಸಿ ಕೊಟ್ಟರು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಮೆರಿಕದಲ್ಲಿ ಟಿಪ್ಸ್ ಕೊಡುವುದು ರೂಢಿ, ಕೊಡಲೂಬೇಕು. ಆ ದುಡಿಮೆಗಾರರು ಅದರಿಂದಲೂ ಬದುಕುತ್ತಾರೆ. ಆದರೆ ಕಡ್ಡಾಯವಾದರೆ ಅದು ಬೆಲೆಯ ಭಾಗ, ಜಾಹೀರಾತಿನಲ್ಲೇ ಸೇರಿರಬೇಕು. ಇದು ಕೇವಲ ನನ್ನ ಅಭಿಪ್ರಾಯವಲ್ಲ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಒಂದು ಕಾನೂನು ಜಾರಿಯಲ್ಲಿದೆ. ಸರ್ಕಾರದ ತೆರಿಗೆಯಂಥವನ್ನು ಬಿಟ್ಟು, ಗ್ರಾಹಕರು ಕೊಡಲೇಬೇಕಾದ ಶುಲ್ಕಗಳೆಲ್ಲ ಜಾಹೀರಾತಿನ ಬೆಲೆಯಲ್ಲೇ ಸೇರಿರಬೇಕು ಎನ್ನುತ್ತದೆ ಅದು. ಅಳಿಯ ಹುಡುಕಿ ತೋರಿಸಿದ ಮೇಲೆ ನನಗೆ ತಿಳಿಯಿತು. ಅಲ್ಲಿ ಪ್ರವಾಸ ಮಾರುವ ಸಂಸ್ಥೆಗಳು ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ನೋಂದಾಯಿಸಿಕೊಂಡು, ಆ ಸಂಖ್ಯೆಯನ್ನು ಜಾಹೀರಾತಿನಲ್ಲಿ ನಮೂದಿಸಬೇಕು. ಸಿಎಸ್‌ಟಿ ಎಂದು ಆರಂಭವಾಗುವ ಸಂಖ್ಯೆ ಅದು. ಅದಿಲ್ಲದ ಕಾಗದಕ್ಕೆ ಒಂದು ಡಾಲರೂ ಕೊಡಬೇಡಿ.

ಹೂವರ್ ಅಣೆಕಟ್ಟಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಯಜಮಾನರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳಲ್ಲಿ ಅವರ ಅರ್ಧ ಆಯುಷ್ಯ ಸವೆದಿದೆ. ಕೊಲೊರಾಡೊ ನದಿಗೆ ಅಡ್ಡಲಾಗಿ ಕಟ್ಟಿ 1935ರಲ್ಲಿ ಲೋಕಾರ್ಪಣೆ ಮಾಡಿದ ಈ 221 ಮೀಟರ್ ಎತ್ತರದ ಅಣೆಕಟ್ಟನ್ನು ಅವರು ಕಾಲೇಜಿನಲ್ಲಿ ಓದಿದ್ದರು. ಅಷ್ಟು ಕಾಂಕ್ರೀಟು ತಾನಾಗಿ ತಣ್ಣಗಾಗಲು ಬಹಳ ಕಾಲ ಹಿಡಿಯುತ್ತದೆ, ಬಿರುಕು ಬಿಡುತ್ತದೆ. ಅದಕ್ಕೆಂದು ಅದರೊಳಗೆ 900 ಕಿಲೋಮೀಟರಿಗೂ ಹೆಚ್ಚು ಉದ್ದದ ಉಕ್ಕಿನ ಕೊಳವೆಗಳನ್ನು ಹೂತು ತಣ್ಣೀರು ಹರಿಸಿದ್ದರು. ಹಿಂದಿನ ರಾತ್ರಿ ಹೋಟೆಲಿನ ಕಾಗದದ ಮೇಲೆ ಅದನ್ನೆಲ್ಲ ಬಿಡಿಸಿ ನನಗೆ ವಿವರಿಸಿದರು. ನೀರು ಒಳಹೋಗುವ ಗೋಪುರಗಳ ಮೇಲೆ ಎರಡು ಗಡಿಯಾರಗಳಿವೆ, ಅಣೆಕಟ್ಟು ಎರಡು ರಾಜ್ಯಗಳ ಗಡಿಯಲ್ಲಿರುವುದರಿಂದ ಒಂದು ನೆವಾಡದ ಹೊತ್ತು, ಇನ್ನೊಂದು ಆರಿಜೋನದ ಹೊತ್ತು ತೋರಿಸುತ್ತದೆ ಎಂದರು. ಒಳಗಿನ ವಿದ್ಯುದಾಗಾರಕ್ಕೆ ಇಳಿದು 17 ಟರ್ಬೈನುಗಳ ಸಾಲನ್ನು ನೋಡಬೇಕೆಂದು ಕಾದಿದ್ದರು. ಬಸ್ಸು ನಿಂತದ್ದು ಒಂದು ಫೋಟೊ ತೆಗೆಯುವಷ್ಟು ಹೊತ್ತು. ಶೌಚಾಲಯದ ಸಾಲಿನಲ್ಲಿ ನಿಂತವರು ಅಣೆಕಟ್ಟನ್ನು ನೋಡಲಿಲ್ಲ, ಅಣೆಕಟ್ಟನ್ನು ನೋಡಿದವರು ಶೌಚಾಲಯಕ್ಕೆ ಹೋಗಲಿಲ್ಲ. ಒಳಗಿನ ಭೇಟಿಗೆ ಪ್ರತ್ಯೇಕ ಟಿಕೆಟ್ಟು, ಅದಕ್ಕೆ ಸಮಯವಿಲ್ಲ ಎಂದರು. ಜಾಹೀರಾತಿನಲ್ಲಿ ಇದ್ದದ್ದು 'ಹೂವರ್ ಅಣೆಕಟ್ಟು ಭೇಟಿ' ಎಂದು.

ಅದಕ್ಕಿಂತ ಮೊದಲೇ, ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಸ್‌ಗೆ ಹೋಗುವ ದಾರಿಯಲ್ಲಿ, ಬಾರ್‌ಸ್ಟೋ ಎಂಬಲ್ಲಿ ಬ್ರ್ಯಾಂಡ್ ಬಟ್ಟೆಗಳ ಮಳಿಗೆಗಳ ಮುಂದೆ ಅದೇ ಬಸ್ಸು ಗಂಟೆಗಟ್ಟಲೆ ನಿಂತಿತ್ತು. ಮಾರನೆಯ ದಿನ ವಿಟಮಿನ್ ಮಾತ್ರೆ, ಕೀಲುನೋವಿನ ಮುಲಾಮು ಮಾರುವ ಅಂಗಡಿಯೊಂದರಲ್ಲಿ ಬಾಗಿಲು ಮುಚ್ಚಿ ಭಾಷಣ ಕೇಳಿಸಿದರು. ಆದ್ದರಿಂದ ಸ್ಥಳಗಳ ಪಟ್ಟಿ ನೋಡಿ ಮನಸೋಲಬೇಡಿ. ಪ್ರತಿ ಹೆಸರಿನ ಮುಂದೆ ಬಸ್ಸು ಬರುವ ಹೊತ್ತು, ಹೊರಡುವ ಹೊತ್ತು ಬರೆದುಕೊಡಿ ಎಂದು ಕೇಳಿ. ಅಂಗಡಿಗಳ ಮುಂದೆಯೂ ಬರೆಯಿಸಿ.

ಆಂಟಿಲೋಪ್ ಕ್ಯಾನಿಯನ್ ವಿಷಯದಲ್ಲಿ ಮೊಣಕಾಲು ನೋವಿರುವವರು ಬಹಳ ಜಾಗರೂಕರಾಗಿರಬೇಕು. ಆರಿಜೋನದ ಪೇಜ್ ಊರಿನ ಬಳಿ ನವಾಹೊ ಜನರ ನೆಲದಲ್ಲಿರುವ ಈ ಕಿರಿದಾದ ಕಲ್ಲಿನ ಸೀಳಿಗೆ ಅವರ ಅನುಮತಿ ಪಡೆದ ಮಾರ್ಗದರ್ಶಿಗಳ ಜೊತೆಗಷ್ಟೇ ಹೋಗಬಹುದು, ಅದು ಸರಿಯಾದ ನಿಯಮ. ಅದರಲ್ಲೂ ಎರಡು ಭಾಗಗಳಿವೆ. ಅಪ್ಪರ್ ಎನ್ನುವುದರಲ್ಲಿ ಒಳಗಿನ ನಡಿಗೆ ಹೆಚ್ಚೂಕಡಿಮೆ ಸಮತಟ್ಟು. ಲೋವರ್ ಎನ್ನುವುದಕ್ಕೆ ಕಡಿದಾದ ಕಬ್ಬಿಣದ ಏಣಿಗಳನ್ನು ಇಳಿದು ಹತ್ತಬೇಕು. ನಮ್ಮನ್ನು ಕರೆದೊಯ್ದದ್ದು ಲೋವರ್‌ಗೆ, ತಿಳಿಸಿದ್ದು ಏಣಿಯ ಹತ್ತಿರ ಹೋದ ಮೇಲೆ. ನಾವಿಬ್ಬರೂ ಇಳಿಯಲಿಲ್ಲ, ಹಣ ವಾಪಸು ಬರಲಿಲ್ಲ. ಬಸ್ಸಿಗೂ ಬೀಗ ಹಾಕಿದ್ದರಿಂದ ಬಿಸಿಲಲ್ಲಿ ಒಂದು ಚಪ್ಪರದ ಕೆಳಗೆ ಕುಳಿತಿದ್ದೆವು. ಮಳೆಗಾಲದಲ್ಲಿ ಅಲ್ಲಿಗೆ ಭೇಟಿ ರದ್ದಾದರೆ ಮಾತ್ರ ಯಾರೂ ಜಗಳವಾಡಬೇಡಿ. 1997ರ ಆಗಸ್ಟ್‌ನಲ್ಲಿ ಎಲ್ಲೋ ದೂರದಲ್ಲಿ ಸುರಿದ ಮಳೆಯ ನೀರು ದಿಢೀರನೆ ನುಗ್ಗಿ ಲೋವರ್‌ನಲ್ಲಿ 11 ಪ್ರವಾಸಿಗರು ಸತ್ತರು. ರದ್ದಾದರೆ ಹಣ ಹಿಂದಿರುಗುತ್ತದೆಯೇ ಎಂಬುದನ್ನಷ್ಟೇ ಮೊದಲೇ ಕೇಳಿಟ್ಟುಕೊಳ್ಳಿ.

ಆ ದಾರಿಯಲ್ಲಿ ಗಡಿಯಾರವನ್ನೂ ನಂಬುವಂತಿಲ್ಲ. ಬೇಸಿಗೆಯಲ್ಲಿ ನೆವಾಡಕ್ಕೂ ಆರಿಜೋನಕ್ಕೂ ಹೊತ್ತು ಒಂದೇ, ಯೂಟಾ ಒಂದು ಗಂಟೆ ಮುಂದೆ. ಆರಿಜೋನ ಬೇಸಿಗೆಗೆ ಗಡಿಯಾರ ಮುಂದಿಡುವುದಿಲ್ಲ, ಅದರೊಳಗೇ ಇರುವ ನವಾಹೊ ನಾಡು ಮುಂದಿಡುತ್ತದೆ. ಪೇಜ್ ಸುತ್ತಮುತ್ತ ಮೊಬೈಲು ಒಮ್ಮೆ ಒಂದು ಹೊತ್ತು, ಮತ್ತೊಮ್ಮೆ ಇನ್ನೊಂದು ಹೊತ್ತು ತೋರಿಸುತ್ತದೆ. ನಮ್ಮ ಬಸ್ಸಿನ ಒಂದು ಮರಾಠಿ ದಂಪತಿ, ನದಿ ಕುದುರೆ ಲಾಳದಂತೆ ತಿರುಗುವ ಹಾರ್ಸ್‌ಶೂ ಬೆಂಡ್‌ನಲ್ಲಿ ಇದರಿಂದಲೇ ತಪ್ಪಿಹೋಗುತ್ತಿದ್ದರು. ಚಾಲಕ ಬಸ್ಸು ಹೊರಡಿಸಿಯೇಬಿಟ್ಟಿದ್ದರು, ನಾವು ಕೆಲವರು ಎದ್ದು ನಿಂತು ತಡೆದೆವು. ಕೈಗಡಿಯಾರ ಕಟ್ಟಿಕೊಂಡು ಹೋಗಿ, ಅದನ್ನು ಚಾಲಕರ ಗಡಿಯಾರಕ್ಕೆ ಹೊಂದಿಸಿ, ಮುಟ್ಟಬೇಡಿ.

ಆ ಚಾಲಕರ ಮೇಲೆ ನನಗೆ ಕೋಪವಿಲ್ಲ, ಭಯವಾಗುತ್ತಿತ್ತು. ಬೆಳಕು ಹರಿಯುವ ಮೊದಲು ಲಾಸ್ ವೇಗಸ್‌ನಿಂದ ಹೊರಟು, ಪೇಜ್‌ಗೆ ಹೋಗಿ, ಅದೇ ದಿನ ರಾತ್ರಿ ಹಿಂದಿರುಗಿದೆವು. ಹೋಗಲು ನಾಲ್ಕೂವರೆ ಗಂಟೆ, ಬರಲು ಅಷ್ಟೇ. ಓಡಿಸಿದ್ದು ಒಬ್ಬರೇ, ನಡುವೆ ಮೈಕು ಹಿಡಿದದ್ದೂ ಅವರೇ. ಪ್ರಯಾಣಿಕರ ಬಸ್ಸಿನ ಚಾಲಕರು ಸತತ 8 ಗಂಟೆ ವಿಶ್ರಾಂತಿಯ ಬಳಿಕ ಗರಿಷ್ಠ 10 ಗಂಟೆ ಓಡಿಸಬಹುದು, ಒಟ್ಟು 15 ಗಂಟೆ ಕೆಲಸದಲ್ಲಿದ್ದ ಮೇಲೆ ಓಡಿಸುವಂತಿಲ್ಲ ಎಂಬುದು ಅಲ್ಲಿನ ಕೇಂದ್ರ ಸರ್ಕಾರದ ನಿಯಮ. ಕತ್ತಲಲ್ಲಿ ಅವರು ಕೆನ್ನೆಗೆ ಹೊಡೆದುಕೊಂಡು ಎಚ್ಚರವಾಗಿರುವುದನ್ನು ಮುಂದಿನ ಸೀಟಿನಿಂದ ನೋಡುತ್ತ ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದೆ. ಬಸ್ಸಿನ ಮೈಮೇಲೆ ಯುಎಸ್‌ಡಾಟ್ ಎಂಬ ಸಂಖ್ಯೆ ಬರೆದಿರುತ್ತದೆ. ಅದರಿಂದ ಆ ಬಸ್ಸಿನ ಮಾಲೀಕ ಸಂಸ್ಥೆಯ ಸುರಕ್ಷತೆಯ ದಾಖಲೆಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಮಕ್ಕಳು ಈ ಕೆಲಸವನ್ನು ಹಣ ಕಟ್ಟುವ ದಿನವೇ ಮಾಡಲಿ.

ಹೆಂಗಸರಿಗೆ ಒಂದು ಮಾತು. ಬಸ್ಸಿನೊಳಗಿನ ಶೌಚಾಲಯ ತುರ್ತಿಗೆ ಮಾತ್ರ ಎಂದು ಬೀಗ ಹಾಕಿದ್ದರು. ಆ ಸಂಕೋಚಕ್ಕೆ ನಾನೂ, ನನ್ನ ಪಕ್ಕದವರೂ ನೀರು ಕುಡಿಯುವುದನ್ನೇ ಬಿಟ್ಟೆವು. ಲಾಸ್ ವೇಗಸ್‌ನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅಪಾಯ. ಎರಡು ಗಂಟೆಗೊಮ್ಮೆ ನಿಲ್ಲಿಸುತ್ತೀರಾ ಎಂದು ನಾಚದೆ ಕೇಳಿ. ಸಸ್ಯಾಹಾರಿ ಊಟ ಎಂದು ಬರೆದಿದ್ದರೂ ನಂಬಬೇಡಿ. ಮಗಳು ಕಟ್ಟಿಕೊಟ್ಟಿದ್ದ ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ ನಮ್ಮನ್ನು ಕಾಪಾಡಿತು.

ಕಾರು ಓಡಿಸಲು ಬಾರದ ನಮ್ಮಂಥವರಿಗೆ ದಕ್ಷಿಣ ಅಂಚು ತಲುಪಲು ಬೇರೆ ದಾರಿಯಿದೆ. ಲಾಸ್ ಏಂಜಲೀಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ರಾತ್ರಿ ರೈಲು ಇದೆ. ಅಲ್ಲಿಗೆ ಹತ್ತಿರದ ವಿಲಿಯಮ್ಸ್ ಊರಿನಿಂದ 1901ರಲ್ಲಿ ಆರಂಭವಾದ ಹಳಿಯ ಮೇಲೆ ಇನ್ನೊಂದು ರೈಲು ನೇರ ದಕ್ಷಿಣ ಅಂಚಿಗೆ ಹೋಗುತ್ತದೆ. ಉದ್ಯಾನದೊಳಗೆ ಉಚಿತ ಬಸ್ಸುಗಳು ಓಡಾಡುತ್ತವೆ. ಒಂದು ರಾತ್ರಿ ಅಲ್ಲೇ ತಂಗಿದರೆ ಸೂರ್ಯಾಸ್ತವೂ ಸಿಗುತ್ತದೆ, ಯಾರೂ ಮೈಕಿನಲ್ಲಿ ಕರೆಯುವುದಿಲ್ಲ. ಖರ್ಚು ಹೆಚ್ಚು, ಆದರೆ ನೋಡಬೇಕೆಂದು ಹೊರಟದ್ದನ್ನು ನೋಡಿ ಬರಬಹುದು.

ದೂರು ಕೊಟ್ಟದ್ದರ ಕಥೆ ಹೇಳಿ ಮುಗಿಸುತ್ತೇನೆ. ಸಂಸ್ಥೆ ಅಳಿಯನ ಪತ್ರಗಳಿಗೆ ಉತ್ತರಿಸಲಿಲ್ಲ. ಅಟಾರ್ನಿ ಜನರಲ್ ಕಚೇರಿಗೆ ಬರೆದಿದ್ದೇವೆ, ಅದು ಇನ್ನೂ ನಡೆಯುತ್ತಿದೆ. ಕ್ರೆಡಿಟ್ ಕಾರ್ಡಿನ ಬ್ಯಾಂಕಿಗೆ ಜಾಹೀರಾತಿನ ಚಿತ್ರ, ಹಳದಿ ಕಾಗದಗಳು, ನಾನು ಹೊತ್ತು ಬರೆದಿಟ್ಟ ಟಿಪ್ಪಣಿ, ಎಲ್ಲವನ್ನೂ ಕಳುಹಿಸಿದೆವು. ಹೇಳಿದ್ದನ್ನು ಕೊಟ್ಟಿಲ್ಲವೆಂದು ಬ್ಯಾಂಕು ಒಂದು ಭಾಗದ ಹಣವನ್ನು ಹಿಂದಿರುಗಿಸಿತು. ಬಸ್ಸಿನಲ್ಲಿ ನಗದಾಗಿ ಕೊಟ್ಟದ್ದಕ್ಕೆ ರಸೀದಿ ಇಲ್ಲ, ಅದು ಹೋದಂತೆಯೇ. ನಿಮಗೂ ಹೀಗಾಗಿದ್ದರೆ ತಡಮಾಡಬೇಡಿ. ಆ ಖರ್ಚು ನಮೂದಾದ ಕಾರ್ಡಿನ ಮೊದಲ ಬಿಲ್ಲು ಕಳುಹಿಸಿದ 60 ದಿನಗಳೊಳಗೆ ನಿಮ್ಮ ತಕರಾರು ಬರಹದಲ್ಲಿ ಬ್ಯಾಂಕನ್ನು ತಲುಪಿರಬೇಕು.